ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದರೆ ಹುದ್ದೆ ನಮ್ಮದಾಯಿತೇ?

ಅಧಿಸೂಚನೆ ಹೊರಬಿದ್ದು, ಅರ್ಜಿ ಹಾಕಿ, ಪೂರ್ವಭಾವಿ ಮತ್ತು ಮುಖ್ಯ ಪರೀಕ್ಷೆಗಳನ್ನು ಬರೆದು, ಮೂಲ ದಾಖಲೆಗಳ ಪರಿಶೀಲನೆಯನ್ನೂ ಮುಗಿಸಿ, ತಾತ್ಕಾಲಿಕ ಪಟ್ಟಿಗೆ ಬಂದ ಆಕ್ಷೇಪಣೆಗಳನ್ನೆಲ್ಲ ದಾಟಿ ಅಂತಿಮ ಆಯ್ಕೆ ಪಟ್ಟಿಯಲ್ಲಿ ತನ್ನ ನೋಂದಣಿ ಸಂಖ್ಯೆಯನ್ನು ಕಂಡ ಅಭ್ಯರ್ಥಿಗೆ, ಇನ್ನು ಉಳಿದಿರುವುದು ನೇಮಕಾತಿ ಆದೇಶ ಕೈಗೆ ಬರುವುದಷ್ಟೇ ಎನಿಸುವುದು ಸಹಜ. ಆ ಆದೇಶ ತಿಂಗಳುಗಟ್ಟಲೆ ಬಾರದಿದ್ದಾಗ, ಅಥವಾ ಪಟ್ಟಿಯನ್ನೇ ಹಿಂಪಡೆಯಲಾಗಿದೆ ಎಂಬ ಪ್ರಕಟಣೆ ಕಂಡಾಗ ಏಳುವ ಪ್ರಶ್ನೆ ಒಂದೇ: ಆಯ್ಕೆ ಮಾಡಿದ ಮೇಲೂ ನೇಮಕ ಮಾಡದಿರಲು ಸರ್ಕಾರಕ್ಕೆ ಅಧಿಕಾರವಿದೆಯೇ? ಸುಪ್ರೀಂ ಕೋರ್ಟ್ ಐವತ್ತು ವರ್ಷಗಳಿಂದ ಇದಕ್ಕೆ ಕೊಡುತ್ತಾ ಬಂದಿರುವ ಉತ್ತರದಲ್ಲಿ ಎರಡು ಭಾಗಗಳಿವೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೇಮಕದ ಹಕ್ಕು ಹುಟ್ಟುವುದಿಲ್ಲ ಎಂಬ ಮೊದಲ ಭಾಗ ಎಲ್ಲರ ಬಾಯಲ್ಲೂ ಇದೆ. ನೇಮಕ ಮಾಡದಿರುವುದಕ್ಕೆ ಸರ್ಕಾರದ ಬಳಿ ನ್ಯಾಯಾಲಯದಲ್ಲಿ ನಿಲ್ಲುವಂಥ ಕಾರಣವಿರಬೇಕು ಎಂಬ ಎರಡನೆಯ ಭಾಗ ಪತ್ರಿಕೆಗಳ ತಲೆಬರಹಗಳಲ್ಲಿ ಕಾಣಿಸುವುದು ಅಪರೂಪ. ಇಲಾಖೆಗಳು ಸಲ್ಲಿಸುವ ಆಕ್ಷೇಪಣಾ ಹೇಳಿಕೆಗಳಲ್ಲಂತೂ ಅದು ಇರುವುದೇ ಇಲ್ಲ ಎನ್ನಬಹುದು. ಅಭ್ಯರ್ಥಿಯ ಪಾಲಿಗೆ ಉಪಯೋಗಕ್ಕೆ ಬರುವುದು ಈ ಎರಡನೆಯ ಭಾಗವೇ ಆದ್ದರಿಂದ ಈ ಲೇಖನದ ಹೆಚ್ಚಿನ ಮಾತು ಅದರ ಬಗ್ಗೆಯೇ ಇದೆ.

ಮೊದಲಿಗೆ ಆಯ್ಕೆ ಮತ್ತು ನೇಮಕ ಎಂಬ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಆಡುಮಾತಿನಲ್ಲಿ ಎರಡನ್ನೂ ಒಂದೇ ಎಂಬಂತೆ ಬಳಸುತ್ತೇವೆ. ಕಾನೂನಿನಲ್ಲಿ ಅವು ಬೇರೆ ಬೇರೆ ಪ್ರಾಧಿಕಾರಗಳು ಮಾಡುವ ಬೇರೆ ಬೇರೆ ಕೆಲಸಗಳು. ಕರ್ನಾಟಕದಲ್ಲಿ ಲೋಕಸೇವಾ ಆಯೋಗವೋ ಪರೀಕ್ಷಾ ಪ್ರಾಧಿಕಾರವೋ ಅರ್ಹತೆಯ ಕ್ರಮದಲ್ಲಿ ಪಟ್ಟಿಯನ್ನು ಸಿದ್ಧಪಡಿಸಿ ಕಳುಹಿಸುತ್ತದೆ, ಅಂದರೆ ಶಿಫಾರಸು ಮಾಡುತ್ತದೆ. ಆದೇಶಕ್ಕೆ ಸಹಿ ಹಾಕುವುದು ಸಂಬಂಧಪಟ್ಟ ಇಲಾಖೆಯ ನೇಮಕಾತಿ ಪ್ರಾಧಿಕಾರ. ಲೋಕಸೇವಾ ಆಯೋಗಗಳ ಕರ್ತವ್ಯವನ್ನು ಹೇಳುವ ಸಂವಿಧಾನದ 320ನೇ ವಿಧಿಯಲ್ಲಿ ಪರೀಕ್ಷೆ ನಡೆಸುವುದೂ ಸಲಹೆ ನೀಡುವುದೂ ಇದೆಯೇ ಹೊರತು ನೇಮಕ ಮಾಡುವ ಅಧಿಕಾರವಿಲ್ಲ. ಆಯೋಗದ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ ಎಂದು ನ್ಯಾಯಾಲಯಗಳೂ ಹೇಳಿವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎಂಬ ಗಾದೆಯನ್ನು ಅಭ್ಯರ್ಥಿಗಳು ಬೇಸರದಿಂದ ನೆನೆಯುವುದುಂಟು. ಆದರೆ ಈ ವ್ಯವಸ್ಥೆಯಲ್ಲಿ ವರ ಕೊಡುವ ಅಧಿಕಾರ ಮೊದಲಿನಿಂದಲೂ ಇರುವುದು ಇಲಾಖೆಯ ಬಳಿಯೇ.

ಈ ತತ್ವ ಸ್ಪಷ್ಟ ರೂಪ ಪಡೆದದ್ದು 1973ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಹರಿಯಾಣದ ಒಂದು ಪ್ರಕರಣದಲ್ಲಿ. ಆ ರಾಜ್ಯದ ಅಧೀನ ನ್ಯಾಯಾಂಗ ಸೇವೆಯಲ್ಲಿ 15 ಹುದ್ದೆಗಳು ಖಾಲಿಯಿದ್ದವು. ನಿಯಮದಂತೆ ಶೇಕಡಾ 45 ಅಂಕ ಪಡೆದವರು ಅರ್ಹರು, ಮತ್ತು ಅಂಥವರು 40 ಮಂದಿ ಇದ್ದರು. ಸರ್ಕಾರ ನೇಮಿಸಿದ್ದು ಮಾತ್ರ ಮೊದಲ ಏಳು ಜನರನ್ನು, ಏಕೆಂದರೆ ಶೇಕಡಾ 55 ಮತ್ತು ಅದಕ್ಕಿಂತ ಹೆಚ್ಚು ಅಂಕ ಪಡೆದವರು ಅಷ್ಟೇ ಮಂದಿ. ನ್ಯಾಯಾಂಗದ ಗುಣಮಟ್ಟದ ದೃಷ್ಟಿಯಿಂದ ಅಷ್ಟಾದರೂ ಅಂಕ ಇರಬೇಕೆಂಬುದು ಹೈಕೋರ್ಟ್‌ನ ಅಭಿಪ್ರಾಯವೂ ಆಗಿತ್ತು. ಎಂಟು ಹುದ್ದೆಗಳು ಖಾಲಿ ಉಳಿದವು. ಪಟ್ಟಿಯಲ್ಲಿ 8, 9 ಮತ್ತು 13ನೇ ಸ್ಥಾನದಲ್ಲಿದ್ದ ಅಭ್ಯರ್ಥಿಗಳು, ಹುದ್ದೆಯೂ ಇದೆ, ನಮಗೆ ಅರ್ಹತೆಯೂ ಇದೆ, ಇನ್ನೇನು ಬೇಕು ಎಂದು ಕೇಳಿ ಹೈಕೋರ್ಟ್‌ನಲ್ಲಿ ಗೆದ್ದರು, ಸುಪ್ರೀಂ ಕೋರ್ಟ್‌ನಲ್ಲಿ ಸೋತರು. ಹುದ್ದೆ ಖಾಲಿ ಇದೆ ಎಂಬುದರಿಂದ ಯಾರಿಗೂ ಹಕ್ಕು ಬರುವುದಿಲ್ಲ. ಶೇಕಡಾ 45 ಅಂಕ ಎಂಬುದು ಪರಿಗಣನೆಗೆ ಒಳಪಡಲು ಬೇಕಾದ ಅರ್ಹತೆ, ನೇಮಕದ ವಾಗ್ದಾನವಲ್ಲ. ತಮಗಿಂತ ಕೆಳಗಿನ ಯಾರನ್ನೂ ನೇಮಿಸಿಲ್ಲವಾದ್ದರಿಂದ ಇವರಿಗೆ ಅನ್ಯಾಯವೂ ಆಗಿಲ್ಲ ಎಂದು ನ್ಯಾಯಾಲಯ ಹೇಳಿತು. ಮಾರ್ವಾಹಾ ಪ್ರಕರಣ ಎಂದು ಸೇವಾ ಕಾನೂನಿನ ವಕೀಲರು ಇಂದಿಗೂ ಉಲ್ಲೇಖಿಸುವುದು ಇದನ್ನೇ.

ಇದಾದ 18 ವರ್ಷಗಳ ನಂತರ, 1991ರ ಏಪ್ರಿಲ್ 30ರಂದು, ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಶಂಕರ್‌ಸನ್ ದಾಶ್ ಪ್ರಕರಣದಲ್ಲಿ ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ, ಆದರೆ ಒಂದು ಮುಖ್ಯ ಸೇರ್ಪಡೆಯೊಂದಿಗೆ ಹೇಳಿತು. ಅರ್ಜಿದಾರರು 1977ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ದೆಹಲಿ ಮತ್ತು ಅಂಡಮಾನ್ ನಿಕೋಬಾರ್ ಪೊಲೀಸ್ ಸೇವೆಗೆ ಸೇರಿದ್ದವರು. ಐಪಿಎಸ್‌ಗೆ ಆಯ್ಕೆಯಾದ ಕೆಲವರು ಸೇವೆಗೆ ಸೇರದ ಕಾರಣ ಅಲ್ಲಿ ಸ್ಥಾನಗಳು ತೆರವಾದವು; ಮೀಸಲು ಸ್ಥಾನಗಳನ್ನು ಕೆಳಗಿನ ಕ್ರಮಾಂಕದವರಿಂದ ತುಂಬಿದ ಸರ್ಕಾರ ಸಾಮಾನ್ಯ ಸ್ಥಾನಗಳನ್ನು ಹಾಗೆಯೇ ಬಿಟ್ಟಿತು. ಆ ಸ್ಥಾನ ತನಗೆ ಸಲ್ಲಬೇಕೆಂಬುದು ಅವರ ವಾದ. ಆಯ್ಕೆ ಪ್ರಕ್ರಿಯೆ ಎಲ್ಲೋ ಒಂದು ಕಡೆ ಮುಗಿಯಲೇಬೇಕು ಎಂದು ಹೇಳಿದ ಪೀಠ ಅವರ ಮನವಿಯನ್ನು ತಳ್ಳಿಹಾಕಿತು. ಅಧಿಸೂಚನೆ ಎಂಬುದು ಅರ್ಹರಿಗೆ ಅರ್ಜಿ ಹಾಕಿರೆಂದು ನೀಡುವ ಆಹ್ವಾನವಷ್ಟೇ, ಆಯ್ಕೆಯಾದವರಿಗೆ ಕಸಿಯಲಾಗದ ಹಕ್ಕು ಬರುವುದಿಲ್ಲ, ನೇಮಕಾತಿ ನಿಯಮಗಳೇ ಹಾಗೆ ಹೇಳದ ಹೊರತು ಸರ್ಕಾರ ಎಲ್ಲ ಹುದ್ದೆಗಳನ್ನು ತುಂಬಲೇಬೇಕಾದ ಕಾನೂನುಬದ್ಧ ಕರ್ತವ್ಯವೂ ಇಲ್ಲ ಎಂಬುದು ತೀರ್ಪಿನ ಮೊದಲ ಅರ್ಧ. ಹಾಗೆಂದು ಸರ್ಕಾರ ಮನಬಂದಂತೆ ನಡೆಯಲು ಇದು ಪರವಾನಗಿಯಲ್ಲ, ಹುದ್ದೆ ತುಂಬದಿರುವ ನಿರ್ಧಾರ ಸದುದ್ದೇಶದಿಂದ, ತಕ್ಕ ಕಾರಣಗಳಿಗಾಗಿ ಆಗಿರಬೇಕು, ಹುದ್ದೆಗಳನ್ನು ತುಂಬುವುದಾದರೆ ಪರೀಕ್ಷೆಯಲ್ಲಿ ಕಂಡುಬಂದ ಅರ್ಹತಾ ಕ್ರಮವನ್ನು ಗೌರವಿಸಲೇಬೇಕು, ತಾರತಮ್ಯಕ್ಕೆ ಅವಕಾಶವಿಲ್ಲ ಎಂಬುದು ಎರಡನೆಯ ಅರ್ಧ.

ಕಾನೂನು ಇಷ್ಟು ಕಟುವಾಗಿರಲು ಕಾರಣಗಳಿವೆ. ಸರ್ಕಾರಿ ಸೇವೆ ಹುಟ್ಟುವುದು ಒಪ್ಪಂದದ ರೂಪದಲ್ಲಿ: ಒಂದು ಕಡೆಯಿಂದ ಪ್ರಸ್ತಾಪ, ಇನ್ನೊಂದು ಕಡೆಯಿಂದ ಸಮ್ಮತಿ. ನೇಮಕ ಆದ ಮೇಲೆ ನೌಕರನ ಸ್ಥಾನಮಾನವನ್ನು ಒಪ್ಪಂದದ ಬದಲು ಕಾನೂನೇ ನಿಯಂತ್ರಿಸುತ್ತದೆ, 311ನೇ ವಿಧಿಯ ರಕ್ಷಣೆ ದೊರೆಯುತ್ತದೆ, ವಿಚಾರಣೆಯಿಲ್ಲದೆ ವಜಾ ಮಾಡುವುದು ಸುಲಭವಲ್ಲ. ಅದಕ್ಕಿಂತ ಮೊದಲು ಅಭ್ಯರ್ಥಿ ಇನ್ನೂ ಹೊಸ್ತಿಲ ಹೊರಗೇ ಇರುತ್ತಾನೆ. ಸಂವಿಧಾನದ 16ನೇ ವಿಧಿ ಕೊಡುವುದು ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶವನ್ನು, ಉದ್ಯೋಗವನ್ನಲ್ಲ. ಪಟ್ಟಿ ಪ್ರಕಟವಾದ ಕ್ಷಣವೇ ಹಕ್ಕು ಹುಟ್ಟುತ್ತದೆ ಎಂದಿಟ್ಟುಕೊಂಡರೆ, ಇಲಾಖೆಯ ಪುನರ್‌ರಚನೆಯಿಂದ ಬೇಡವಾದ ಹುದ್ದೆಗೂ ಸಂಬಳ ಕೊಡಬೇಕಾಗುತ್ತದೆ, ಹಣಕಾಸಿನ ಮುಗ್ಗಟ್ಟಿನಲ್ಲೂ ಕೈ ಬಿಗಿಹಿಡಿಯಲಾಗುವುದಿಲ್ಲ, ಪ್ರಶ್ನೆಪತ್ರಿಕೆ ಸೋರಿಕೆಯಾಗಿದೆ ಎಂದು ಆಮೇಲೆ ತಿಳಿದರೂ ಪಟ್ಟಿಯನ್ನು ಮುಟ್ಟಲಾಗುವುದಿಲ್ಲ. ಈ ಕೊನೆಯ ಕಾರಣವೊಂದೇ ಸಾಕು, ತತ್ವದ ಮೊದಲ ಅರ್ಧವನ್ನು ಒಪ್ಪಿಕೊಳ್ಳಲು. ಅಕ್ರಮದಿಂದ ಹೊರಗುಳಿದ ಪ್ರಾಮಾಣಿಕ ಅಭ್ಯರ್ಥಿಯ ಪಾಲಿಗೆ ಅದೇ ರಕ್ಷಣೆ ಎಂಬುದನ್ನು ಮರೆಯಬಾರದು.

ಕಾರಣ ಕೊಡಬೇಕಾದ ಹೊಣೆ ಯಾರದು

ಎರಡನೆಯ ಅರ್ಧಕ್ಕೆ ಬಲ ಬಂದದ್ದು ಮುಂದಿನ ತೀರ್ಪುಗಳಿಂದ. ಜಮ್ಮು ಮತ್ತು ಕಾಶ್ಮೀರದ ಮುನ್ಸಿಫ್ ಹುದ್ದೆಗಳಿಗೆ ಆಯೋಗ ಕಳುಹಿಸಿದ ಪಟ್ಟಿಯಲ್ಲಿ ಕೆಲವರನ್ನು ಮಾತ್ರ ಸರ್ಕಾರ ಒಪ್ಪಿಕೊಂಡ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್, ಹಕ್ಕಿಲ್ಲ ಎಂಬುದು ವಿಷಯದ ಒಂದು ಮುಖವಷ್ಟೇ, ನ್ಯಾಯಯುತವಾಗಿ ನಡೆದುಕೊಳ್ಳಬೇಕಾದ ಸರ್ಕಾರದ ಹೊಣೆ ಇನ್ನೊಂದು ಮುಖ, ಇಡೀ ಆಯ್ಕೆಯನ್ನು ಪ್ರಹಸನ ಮಾಡಲಾಗದು ಎಂಬ ಅರ್ಥದ ಮಾತುಗಳನ್ನು ಹೇಳಿತು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಸದಸ್ಯರ ನೇಮಕಕ್ಕೆ ಸಂಬಂಧಿಸಿದ 1995ರ ಆರ್.ಎಸ್. ಮಿತ್ತಲ್ ಪ್ರಕರಣದಲ್ಲಿ, ಪಟ್ಟಿಯಲ್ಲಿರುವ ವ್ಯಕ್ತಿಗೆ ನೇಮಕದ ಹಕ್ಕು ಇಲ್ಲದಿದ್ದರೂ ನೇಮಕಕ್ಕೆ ಪರಿಗಣಿಸಲ್ಪಡುವ ಹಕ್ಕು ಇದೆ, ನೇಮಕಾತಿ ಪ್ರಾಧಿಕಾರ ತನ್ನ ಮರ್ಜಿಗೆ ಬಂದಂತೆ ಪಟ್ಟಿಯನ್ನು ಕಡೆಗಣಿಸುವಂತಿಲ್ಲ ಎಂದಿತು.

ಇವೆಲ್ಲಕ್ಕೂ ಕಳಶವಿಟ್ಟದ್ದು 2024ರ ನವೆಂಬರ್ 7ರಂದು ಮತ್ತೊಂದು ಸಂವಿಧಾನ ಪೀಠ ತೇಜ್ ಪ್ರಕಾಶ್ ಪಾಠಕ್ ಪ್ರಕರಣದಲ್ಲಿ ನೀಡಿದ ತೀರ್ಪು. ನೇಮಕಾತಿ ಪ್ರಕ್ರಿಯೆ ಅರ್ಜಿ ಆಹ್ವಾನಿಸುವ ಜಾಹೀರಾತಿನಿಂದ ಆರಂಭವಾಗಿ ಹುದ್ದೆಗಳು ತುಂಬುವವರೆಗೂ ಮುಂದುವರಿಯುತ್ತದೆ ಎಂದು ಅದು ಹೇಳಿತು. ಆಯ್ಕೆ ಪಟ್ಟಿಯಲ್ಲಿನ ಸ್ಥಾನ ಕಸಿಯಲಾಗದ ಹಕ್ಕನ್ನು ಕೊಡುವುದಿಲ್ಲ ಎಂಬ ಹಳೆಯ ಮಾತನ್ನು ಪುನರುಚ್ಚರಿಸಿತು. ಹುದ್ದೆಗಳು ಖಾಲಿ ಇರುವಾಗ, ಪಟ್ಟಿಯಲ್ಲಿ ಪರಿಗಣನಾ ವ್ಯಾಪ್ತಿಯೊಳಗಿರುವ ಅಭ್ಯರ್ಥಿಗೆ ಸರ್ಕಾರ ಮನಸೋಇಚ್ಛೆ ನೇಮಕ ನಿರಾಕರಿಸಲಾಗದು ಎಂದೂ ಹೇಳಿತು. ಜೊತೆಗೆ, ಅಂಥ ನಿರಾಕರಣೆಯನ್ನು ಯಾರಾದರೂ ಪ್ರಶ್ನಿಸಿದರೆ ಅದನ್ನು ಸಮರ್ಥಿಸಿಕೊಳ್ಳುವ ಹೊಣೆ ಸರ್ಕಾರದ್ದೇ ಎಂದು ಸ್ಪಷ್ಟಪಡಿಸಿತು. ನನ್ನ ದೃಷ್ಟಿಯಲ್ಲಿ ಈ ಕೊನೆಯ ಮಾತೇ ಇಡೀ ವಿಷಯದ ಕೀಲಿಕೈ. ಕಡತ ಇರುವುದು ಇಲಾಖೆಯ ಕಪಾಟಿನಲ್ಲಿ. ನೇಮಕ ಏಕೆ ನಿಂತಿತು ಎಂಬುದು ಗೊತ್ತಿರುವುದು ಅಲ್ಲಿ ಟಿಪ್ಪಣಿ ಬರೆದವರಿಗೆ ಮಾತ್ರ. ಸರ್ಕಾರದ ಕ್ರಮ ಏಕಪಕ್ಷೀಯ ಎಂದು ಸಾಬೀತುಪಡಿಸುವ ಭಾರವನ್ನು ಅಭ್ಯರ್ಥಿಯ ಹೆಗಲಿಗೆ ಹಾಕಿದ್ದರೆ ಎರಡನೆಯ ಅರ್ಧ ಕಾಗದದ ಮೇಲಷ್ಟೇ ಉಳಿಯುತ್ತಿತ್ತು.

ಹಾಗಾದರೆ ಯಾವ ಕಾರಣ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ? ಹುದ್ದೆ ರದ್ದಾಗಿದೆ, ಇಲಾಖೆಯ ಅಗತ್ಯ ನಿಜಕ್ಕೂ ಕಡಿಮೆಯಾಗಿದೆ, ಆಯ್ಕೆಯಲ್ಲಿ ಗಂಭೀರ ಅಕ್ರಮ ನಡೆದಿದೆ, ನಿಗದಿತ ಗುಣಮಟ್ಟ ಮುಟ್ಟಿದವರು ಸಾಕಷ್ಟಿಲ್ಲ ಎಂಬಂಥವು, ಅವುಗಳಿಗೆ ಕಡತದಲ್ಲಿ ಆಧಾರವಿದ್ದರೆ, ಸಾಮಾನ್ಯವಾಗಿ ನಿಲ್ಲುತ್ತವೆ. ಪಟ್ಟಿಯಲ್ಲಿ ಹತ್ತನೆಯವನನ್ನು ಬಿಟ್ಟು ಹದಿನೈದನೆಯವನನ್ನು ನೇಮಿಸುವುದು ನಿಲ್ಲುವುದಿಲ್ಲ. ಆಯ್ಕೆಯಾದವರನ್ನು ಕಾಯಿಸಿ, ಅದೇ ಹುದ್ದೆಗಳಲ್ಲಿ ಹೊರಗುತ್ತಿಗೆಯವರನ್ನೋ ಅತಿಥಿ ನೌಕರರನ್ನೋ ಕೂರಿಸಿ ಕೆಲಸ ತೆಗೆಯುವಾಗ, ಅಗತ್ಯವಿಲ್ಲ ಎಂಬ ಕಾರಣವನ್ನು ಸರ್ಕಾರದ ನಡೆಯೇ ಸುಳ್ಳಾಗಿಸುತ್ತದೆ. ಇನ್ನು ಕಾರಣವನ್ನೇ ಕೊಡದಿರುವುದು, ಅಥವಾ ಆದೇಶ ಹೊರಡಿಸುವಾಗ ಇಲ್ಲದ ಕಾರಣವನ್ನು ಮೊಕದ್ದಮೆ ಬಂದ ಮೇಲೆ ಪ್ರಮಾಣಪತ್ರದಲ್ಲಿ ಹೊಸದಾಗಿ ಹೆಣೆಯುವುದು ನ್ಯಾಯಾಲಯಗಳಿಗೆ ಎಂದೂ ರುಚಿಸಿಲ್ಲ.

ಆಟದ ನಡುವೆ ನಿಯಮ ಬದಲಾದರೆ

ನೇಮಕದ ಹಕ್ಕಿಗಿಂತ ಹೆಚ್ಚು ಗಟ್ಟಿಯಾದ ಇನ್ನೊಂದು ಹಕ್ಕು ಅಭ್ಯರ್ಥಿಗಿದೆ, ಮತ್ತು ಅದರ ಇತಿಹಾಸದಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. 1975ರಲ್ಲಿ ಕರ್ನಾಟಕ ಲೋಕಸೇವಾ ಆಯೋಗ ತಹಶೀಲ್ದಾರ್ ಹುದ್ದೆಗಳಿಗೆ ಅರ್ಜಿ ಆಹ್ವಾನಿಸಿತು. ಜಾಹೀರಾತು ಹೊರಟ ನಂತರ ಸರ್ಕಾರ ಮೀಸಲಾತಿಯ ಕುರಿತ ಆದೇಶವನ್ನು ಬದಲಿಸಿತು, ಹಳೆಯ ಆದೇಶದಂತೆ ಆಯೋಗ ಸಿದ್ಧಪಡಿಸಿದ ಪಟ್ಟಿಯನ್ನು ಒಪ್ಪದೆ ಹೊಸ ಆದೇಶದಂತೆ ಮತ್ತೆ ಪಟ್ಟಿ ಮಾಡಿಸಿತು. ದೇವಿನ್ ಕಟ್ಟಿ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್, ಅರ್ಜಿ ಹಾಕಿದ ಅಭ್ಯರ್ಥಿಗೆ ಆಯ್ಕೆಯಾಗುವ ಹಕ್ಕು ಇಲ್ಲವಾದರೂ, ಜಾಹೀರಾತು ಹೊರಟ ದಿನ ಜಾರಿಯಲ್ಲಿದ್ದ ನಿಯಮಗಳ ಪ್ರಕಾರವೇ ಪರಿಗಣಿಸಲ್ಪಡುವ ಹಕ್ಕು ಇದೆ ಎಂದು ತೀರ್ಪಿತ್ತಿತು. ಅದೇ ವರ್ಷ ರಾಜ್ಯದ ಮೋಟಾರು ವಾಹನ ನಿರೀಕ್ಷಕರ ನೇಮಕದ ಪ್ರಕರಣದಲ್ಲೂ, ಆಯ್ಕೆ ನಡೆಯುತ್ತಿರುವಾಗ ವಿದ್ಯಾರ್ಹತೆಯ ನಿಯಮ ತಿದ್ದುಪಡಿಯಾದರೆ ಅದು ಹಿಂದಕ್ಕೆ ಅನ್ವಯಿಸುವುದಿಲ್ಲ ಎಂದು ಹೇಳಿತು. ಕಳೆದ ಮೂರೂವರೆ ದಶಕಗಳಲ್ಲಿ ದೇಶದ ಎಲ್ಲ ಹೈಕೋರ್ಟ್‌ಗಳಲ್ಲಿ ಉಲ್ಲೇಖವಾಗುವ ತೀರ್ಪುಗಳು ಇವು.

ಈ ಎರಡೂ ಧಾರೆಗಳ ನಡುವೆ ವಿರೋಧವಿದೆಯೇ ಎಂಬ ಸಂದೇಹ ಬಹುಕಾಲ ಇತ್ತು. ಹರಿಯಾಣದಲ್ಲಿ ಶೇಕಡಾ 45ರ ಅರ್ಹತೆಯನ್ನು ಶೇಕಡಾ 55ಕ್ಕೆ ಏರಿಸಿದ್ದು ಸರಿ ಎನ್ನುವುದಾದರೆ, ಆಟ ಮುಗಿದ ಮೇಲೆ ನಿಯಮ ಬದಲಿಸಬಾರದು ಎಂಬ ಮಾತಿಗೆ ಅರ್ಥವೇನು? ರಾಜಸ್ಥಾನ ಹೈಕೋರ್ಟ್‌ನ ಭಾಷಾಂತರಕಾರರ 13 ಹುದ್ದೆಗಳಿಗೆ ಪರೀಕ್ಷೆ ಮುಗಿದ ಮೇಲೆ ಕನಿಷ್ಠ ಶೇಕಡಾ 75 ಅಂಕ ಬೇಕೆಂಬ ಷರತ್ತು ಹಾಕಿದಾಗ, ಅದನ್ನು ದಾಟಿದವರು ಮೂವರೇ ಆದರು. ಆ ವ್ಯಾಜ್ಯವೇ ಬೆಳೆದು 2024ರ ಸಂವಿಧಾನ ಪೀಠದವರೆಗೆ ಹೋದದ್ದು. ಪೀಠ ಕೊಟ್ಟ ಪರಿಹಾರ ಸೂಕ್ಷ್ಮವಾಗಿದೆ. ಮಾರ್ವಾಹಾ ಪ್ರಕರಣ ಪಟ್ಟಿಯಿಂದ ನೇಮಕವಾಗುವ ಹಕ್ಕಿನ ಬಗ್ಗೆ ಮಾತಾಡುತ್ತದೆ, ನಿಯಮ ಬದಲಿಸಬಾರದೆಂಬ ತೀರ್ಪುಗಳು ಪಟ್ಟಿಯಲ್ಲಿ ಸ್ಥಾನ ಪಡೆಯುವ ಹಕ್ಕಿನ ಬಗ್ಗೆ ಮಾತಾಡುತ್ತವೆ, ಆದ್ದರಿಂದ ಎರಡೂ ಒಟ್ಟಿಗೆ ನಿಲ್ಲುತ್ತವೆ ಎಂದಿತು. ಪ್ರಕ್ರಿಯೆಯ ಆರಂಭದಲ್ಲಿ ಪ್ರಕಟಿಸಿದ ಅರ್ಹತೆಯನ್ನು, ನಿಯಮವೋ ಜಾಹೀರಾತೋ ಅದಕ್ಕೆ ಆಸ್ಪದ ಕೊಡದ ಹೊರತು, ನಡುವೆ ಬದಲಿಸುವಂತಿಲ್ಲ. ಆಸ್ಪದವಿದ್ದರೂ ಆ ಬದಲಾವಣೆ 14ನೇ ವಿಧಿಯ ಸಮಾನತೆಯ ಒರೆಗಲ್ಲಿಗೆ ನಿಲ್ಲಬೇಕು.

ಇಲ್ಲಿ ಒಂದು ಅಡ್ಡಮಾತು. ಒಳಮೀಸಲಾತಿಯ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆಗಳನ್ನು ಹೊರಡಿಸದಿರಲು ಕರ್ನಾಟಕದ ಸಚಿವ ಸಂಪುಟ 2024ರ ಅಕ್ಟೋಬರ್‌ನಲ್ಲಿ ನಿರ್ಧರಿಸಿದಾಗ, ತಯಾರಿಯಲ್ಲಿದ್ದ ಸಾವಿರಾರು ಸ್ಪರ್ಧಾರ್ಥಿಗಳು ತಮ್ಮ ಹಕ್ಕಿಗೆ ಧಕ್ಕೆಯಾಯಿತೆಂದು ನೊಂದರು. ವಯೋಮಿತಿ ಮೀರುತ್ತಿರುವವರ ಸಂಕಟ ನಿಜವಾದದ್ದೇ. ಆದರೆ ಮೇಲಿನ ತೀರ್ಪುಗಳು ರಕ್ಷಿಸುವುದು ಅಧಿಸೂಚನೆಗೆ ಅರ್ಜಿ ಹಾಕಿದವರನ್ನು. ಅಧಿಸೂಚನೆ ಹೊರಡಿಸಿ ಎಂದು ಕೇಳುವ ಹಕ್ಕನ್ನು ಅವು ಕೊಡುವುದಿಲ್ಲ.

ಹೆಚ್ಚುವರಿ ಪಟ್ಟಿಯ ಆಸೆ

ಅಂತಿಮ ಪಟ್ಟಿಯ ಜೊತೆಗೆ, ಅಥವಾ ಅದರ ಹಿಂದೆಯೇ, ಹೆಚ್ಚುವರಿ ಪಟ್ಟಿಯೊಂದು ಬರುವುದುಂಟು. ಆಯ್ಕೆಯಾದವರು ಕೆಲಸಕ್ಕೆ ಹಾಜರಾಗದಿದ್ದರೆ ಆ ಜಾಗ ತುಂಬುವುದು ಅದರ ಉದ್ದೇಶ, ಅಷ್ಟೇ. ಮುಖ್ಯ ಪಟ್ಟಿಯವರಿಗೇ ನೇಮಕದ ಹಕ್ಕಿಲ್ಲವೆಂದ ಮೇಲೆ ಹೆಚ್ಚುವರಿ ಪಟ್ಟಿಯವರ ಹಕ್ಕು ಇನ್ನೂ ತೆಳುವಾದದ್ದು ಎಂಬುದನ್ನು ಊಹಿಸಬಹುದು. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹಾಗೆಂದೇ ಹೇಳಿದೆ. ಜಾಹೀರಾತಿನಲ್ಲಿ 100 ಹುದ್ದೆ ಎಂದಿದ್ದು, ಆಮೇಲೆ ನಿವೃತ್ತಿಯಿಂದ ಇನ್ನೂ 20 ಹುದ್ದೆ ಖಾಲಿಯಾದರೆ, 101ನೇ ಸ್ಥಾನದಲ್ಲಿರುವವರು ಅವುಗಳ ಮೇಲೆ ಹಕ್ಕು ಸಾಧಿಸುವಂತಿಲ್ಲ. ಆ 20 ಹುದ್ದೆಗಳು ಈಚೆಗೆ ಪದವಿ ಮುಗಿಸಿ ಅರ್ಹರಾದವರಿಗೂ ಸೇರಿದ್ದು. ಜಾಹೀರಾತಿಲ್ಲದೆ ಅವುಗಳನ್ನು ತುಂಬಿದರೆ ಅವರ 16ನೇ ವಿಧಿಯ ಹಕ್ಕು ಕಸಿದಂತೆ. ಕಾಯುವವರ ಪಟ್ಟಿ ನಿರಂತರ ನೇಮಕಾತಿಯ ಊಟೆಯಲ್ಲ ಎಂದು ಗುಜರಾತಿನ ಎಂಜಿನಿಯರುಗಳ ಪ್ರಕರಣದಲ್ಲಿ 1994ರಲ್ಲೇ ಹೇಳಲಾಗಿದೆ. ಹಾಗಿದ್ದರೂ, ಬದಲಿ ಪಟ್ಟಿಯಿಂದ ಹುದ್ದೆ ತುಂಬುವ ನಿಯಮ ಇಟ್ಟುಕೊಂಡು, ಖಾಲಿ ಹುದ್ದೆಯೂ ಇದ್ದು, ಕಾರಣವಿಲ್ಲದೆ ಸುಮ್ಮನೆ ಕೂರುವಂತಿಲ್ಲ ಎಂದು ರೈಲ್ವೆಯ ಒಂದು ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಅಭ್ಯರ್ಥಿಗಳ ಪರ ನಿಂತದ್ದೂ ಇದೆ. ಕಾರಣ ಎಲ್ಲಿ ಎಂಬ ಪ್ರಶ್ನೆ ಇಲ್ಲಿಯೂ ಬಂದೇ ಬರುತ್ತದೆ.

ಪಟ್ಟಿಯೇ ರದ್ದಾದಾಗ

ಅತಿ ಹೆಚ್ಚು ನೋವು ಕೊಡುವ ಸಂದರ್ಭವಿದು. ಕೆಲವರು ಮಾಡಿದ ಅಕ್ರಮಕ್ಕೆ ಎಲ್ಲರೂ ಹುದ್ದೆ ಕಳೆದುಕೊಳ್ಳಬೇಕೇ? ನ್ಯಾಯಾಲಯಗಳು ಇಲ್ಲಿ ಬಳಸುವ ಅಳತೆಗೋಲು, ಕಾಳನ್ನು ಜೊಳ್ಳಿನಿಂದ ಬೇರ್ಪಡಿಸಲು ಸಾಧ್ಯವೇ ಎಂಬುದು. ಕೇಂದ್ರೀಯ ತನಿಖಾ ದಳದ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ತಪ್ಪಾಗಿ ಪಟ್ಟಿಗೆ ಸೇರಿದವರು 31 ಮಂದಿ ಎಂದು ಪರಿಶೀಲನೆಯಲ್ಲೇ ಗುರುತಿಸಲಾಗಿದ್ದರೂ ಇಡೀ ಆಯ್ಕೆಯನ್ನು ರದ್ದು ಮಾಡಿದ್ದು ಸರಿಯಲ್ಲ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಪಶ್ಚಿಮ ಬಂಗಾಳದ ಶಾಲಾ ನೇಮಕಾತಿಯಲ್ಲಿ ಅಕ್ರಮ ಮೂಲದವರೆಗೂ ಇಳಿದಿದ್ದು, ದಾಖಲೆಗಳೂ ಉಳಿದಿರಲಿಲ್ಲವಾದ್ದರಿಂದ, 2025ರ ಏಪ್ರಿಲ್ 3ರಂದು ಅದೇ ನ್ಯಾಯಾಲಯ 25,753 ನೇಮಕಗಳನ್ನು ಒಟ್ಟಿಗೆ ಅನೂರ್ಜಿತಗೊಳಿಸಿತು. ಅವರು ಬರೀ ಪಟ್ಟಿಯಲ್ಲಿದ್ದವರಲ್ಲ, ವರ್ಷಗಟ್ಟಲೆ ಸಂಬಳ ಪಡೆದು ಕೆಲಸ ಮಾಡಿದ ಶಿಕ್ಷಕರು ಮತ್ತು ಬೋಧಕೇತರ ಸಿಬ್ಬಂದಿ.

ಕರ್ನಾಟಕದ 545 ಪಿಎಸ್‌ಐ ಹುದ್ದೆಗಳ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆದು, 2022ರ ಜನವರಿಯಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಬಂತು. ಕಲಬುರಗಿಯ ಪರೀಕ್ಷಾ ಕೇಂದ್ರದಿಂದ ಹಿಡಿದು ಬೆಂಗಳೂರಿನಲ್ಲಿ ಒಎಂಆರ್ ಹಾಳೆಗಳನ್ನು ತಿದ್ದಿದ ಆರೋಪದವರೆಗೆ ಸಿಐಡಿ ತನಿಖೆ ಹಬ್ಬಿ, ಏಪ್ರಿಲ್ 29ರಂದು ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ತಾವು ಯಾವ ತಪ್ಪನ್ನೂ ಮಾಡಿಲ್ಲ, ಆರೋಪಿಗಳನ್ನು ಮಾತ್ರ ಹೊರಗಿಡಿ ಎಂದು ಪಟ್ಟಿಯಲ್ಲಿದ್ದ ಅಭ್ಯರ್ಥಿಗಳು ಕೇಳಿದರು. 2023ರ ನವೆಂಬರ್‌ನಲ್ಲಿ ಹೈಕೋರ್ಟ್ ರದ್ದತಿಯನ್ನು ಎತ್ತಿಹಿಡಿದು, ಸ್ವತಂತ್ರ ಸಂಸ್ಥೆಯಿಂದ ಮರುಪರೀಕ್ಷೆ ನಡೆಸಲು ಸೂಚಿಸಿತು. 2024ರ ಜನವರಿ 23ರಂದು ಪರೀಕ್ಷಾ ಪ್ರಾಧಿಕಾರ ಅದನ್ನು ನಡೆಸಿತು. ಮೊದಲ ಪಟ್ಟಿಯಲ್ಲಿ ನಿಜವಾಗಿ ಓದಿ ಬರೆದವರೂ ಇದ್ದರು ಎಂಬುದರಲ್ಲಿ ಅನುಮಾನವಿಲ್ಲ. ಅವರಿಗೆ ಕಾನೂನು ಕೊಡಬಲ್ಲದ್ದು ಮತ್ತೊಮ್ಮೆ ಪರೀಕ್ಷೆ ಬರೆಯುವ ಅವಕಾಶವನ್ನು ಮಾತ್ರ, ಮತ್ತು ಎರಡು ವರ್ಷಗಳ ಬಿಡುವಿನ ನಂತರ ಅದು ಸಮನಾದ ಪರಿಹಾರವೆಂದು ನನಗೆ ಅನಿಸುವುದಿಲ್ಲ.

ಪಟ್ಟಿ ಸರಿಯಿದ್ದೂ ಒಬ್ಬ ಅಭ್ಯರ್ಥಿಯನ್ನಷ್ಟೇ ತಡೆಹಿಡಿಯುವ ಸಂದರ್ಭಗಳೂ ಇವೆ: ಜಾತಿ ಪ್ರಮಾಣಪತ್ರದ ಸಿಂಧುತ್ವ, ವೈದ್ಯಕೀಯ ಪರೀಕ್ಷೆ, ಪೂರ್ವಾಪರಗಳ ಪೊಲೀಸ್ ಪರಿಶೀಲನೆ. ಇವುಗಳಲ್ಲಿ ಕೊನೆಯದು ಹೆಚ್ಚು ತೊಡಕಿನದು. ಹಿಂದಿನ ಕ್ರಿಮಿನಲ್ ಪ್ರಕರಣವನ್ನು ಅರ್ಜಿಯಲ್ಲಿ ಮುಚ್ಚಿಟ್ಟವರ ಬಗ್ಗೆ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಹಾಕಿಕೊಟ್ಟಿದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾದರೆ ಅದನ್ನು ಕಡೆಗಣಿಸಲು ನೇಮಕಾತಿ ಪ್ರಾಧಿಕಾರಕ್ಕೆ ವಿವೇಚನೆಯಿದೆ. ಸತ್ಯವನ್ನೇ ಹೇಳಿದ ಅಭ್ಯರ್ಥಿಯ ವಿಷಯದಲ್ಲೂ ಅವನ ಪೂರ್ವಾಪರವನ್ನು ತೂಗಿನೋಡುವ ಅಧಿಕಾರವಿದೆ. ಆದರೆ ಆ ತೂಗಿನೋಡುವಿಕೆ ವಸ್ತುನಿಷ್ಠವಾಗಿರಬೇಕು.

ನ್ಯಾಯಾಲಯಕ್ಕೆ ಹೋಗುವವರು

ರಾಜ್ಯ ಸರ್ಕಾರದ ಹುದ್ದೆಗಳಿಗೆ ಸಂಬಂಧಿಸಿದ ವ್ಯಾಜ್ಯ ಮೊದಲು ಹೋಗಬೇಕಾದದ್ದು ಬೆಂಗಳೂರು, ಬೆಳಗಾವಿ ಮತ್ತು ಕಲಬುರಗಿಯಲ್ಲಿ ಕಲಾಪ ನಡೆಸುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ. ಅಲ್ಲಿಂದ ಮುಂದಕ್ಕೆ ಹೈಕೋರ್ಟ್‌ನ ವಿಭಾಗೀಯ ಪೀಠಕ್ಕೆ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ ಪ್ರಕಾರ ಪ್ರಶ್ನಿಸಬೇಕಾದ ಆದೇಶ ಹೊರಬಿದ್ದ ಒಂದು ವರ್ಷದೊಳಗೆ ಅರ್ಜಿ ಸಲ್ಲಬೇಕು. ಸರ್ಕಾರ ಏನಾದರೂ ಮಾಡೀತು ಎಂದು ಮನವಿ ಪತ್ರಗಳನ್ನು ಬರೆಯುತ್ತಾ ಕೂತು ಗಡುವು ಕಳೆದುಕೊಂಡವರು ಬಹಳ ಮಂದಿ. ಸಕಾಲದಲ್ಲಿ ಹೋದವರಿಗೆ ಒಂದು ಅನುಕೂಲವಿದೆ: ಮೊಕದ್ದಮೆ ನಡೆಯುತ್ತಿರುವಾಗ ಪಟ್ಟಿಯ ಅವಧಿ ಮುಗಿದುಹೋಯಿತು ಎಂಬ ಕಾರಣಕ್ಕೆ ಪರಿಹಾರ ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಮಹಾರಾಷ್ಟ್ರದ ವಿದ್ಯುತ್ ಮಂಡಳಿಗೆ ಸಂಬಂಧಿಸಿದ 1999ರ ಪ್ರಕರಣದಲ್ಲಿ, ತಪ್ಪಾಗಿ ನೇಮಕ ನಿರಾಕರಿಸಲ್ಪಟ್ಟ ಅಭ್ಯರ್ಥಿಯ ಜಾಗದಲ್ಲಿ ಬೇರೆಯವರು ಕೂತಿದ್ದರೂ ಅವನಿಗೆ ನೇಮಕ ಕೊಡಿ ಎಂದು ಆದೇಶಿಸಿತು. ಅರ್ಜಿಯಲ್ಲಿ ಪಟ್ಟಿಯಿಂದ ಯಾರಾದರೂ ಹೊರಹೋಗಬೇಕಾಗುವಂಥ ಕೋರಿಕೆ ಇದ್ದರೆ ಅಂಥವರನ್ನು ಪ್ರತಿವಾದಿಗಳಾಗಿ ಸೇರಿಸಲೇಬೇಕು. ಅದಕ್ಕೂ ಮೊದಲು, ಮಾಹಿತಿ ಹಕ್ಕು ಕಾಯ್ದೆಯಡಿ ಕಡತದ ಟಿಪ್ಪಣಿಗಳ ಪ್ರತಿ ಕೇಳಿ ಪಡೆಯುವುದು ಒಳ್ಳೆಯದು. ಕಾರಣ ಇದೆಯೋ ಇಲ್ಲವೋ ಎಂಬುದು ತಿಳಿಯುವುದು ಅಲ್ಲಿಯೇ.

ಗೆದ್ದರೂ ಸಿಗುವ ಆದೇಶದ ಭಾಷೆಯನ್ನು ಗಮನಿಸಬೇಕು. ನ್ಯಾಯಾಲಯಗಳು ಸಾಮಾನ್ಯವಾಗಿ ‘ನೇಮಿಸಿ’ ಎನ್ನುವುದಿಲ್ಲ, ‘ಪರಿಗಣಿಸಿ’ ಎನ್ನುತ್ತವೆ. ಪರಿಗಣಿಸಿ ಮತ್ತೆ ತಿರಸ್ಕರಿಸಿದ ಇಲಾಖೆಯ ವಿರುದ್ಧ ಎರಡನೆಯ ಸುತ್ತಿನ ಮೊಕದ್ದಮೆ ಹೂಡಬೇಕಾಗಿ ಬರುವುದು ಈ ಒಂದು ಪದದಿಂದ. ಹಕ್ಕು ಇರುವುದು ಪರಿಗಣನೆಗೆ ಮಾತ್ರ ಎಂಬ ತತ್ವದ ನೇರ ಫಲ ಇದು.

ಒಂದೇ ಪಟ್ಟಿ ಈ ಎಲ್ಲ ಘಟ್ಟಗಳನ್ನೂ ಹಾದುಹೋದ ಉದಾಹರಣೆ ಬೇಕಿದ್ದರೆ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ನೇಮಕಾತಿಯನ್ನು ನೋಡಬೇಕು. ಅಕ್ರಮದ ದೂರು, ಸಿಐಡಿ ತನಿಖೆಯ ನಂತರ 2014ರಲ್ಲಿ ಸರ್ಕಾರ ಆ ಆಯ್ಕೆ ಪಟ್ಟಿಯನ್ನು ಕೈಬಿಟ್ಟಿತು. 2016ರಲ್ಲಿ ಕೆಎಟಿ ಸರ್ಕಾರದ ಆ ಕ್ರಮವನ್ನು ರದ್ದುಪಡಿಸಿತು. 2018ರಲ್ಲಿ ಹೈಕೋರ್ಟ್ ಕೆಎಟಿಯ ಆದೇಶವನ್ನು ರದ್ದುಪಡಿಸಿ, ಸರ್ಕಾರ ಪಟ್ಟಿಯನ್ನು ಕೈಬಿಟ್ಟದ್ದೇ ಸರಿ ಎಂದಿತು. ಅಷ್ಟರಲ್ಲಿ ಸರ್ಕಾರದ ನಿಲುವೇ ಬದಲಾಗಿತ್ತು. ತಾನೇ ಕೈಬಿಟ್ಟು, ಹೈಕೋರ್ಟ್ ಸರಿ ಎಂದಿದ್ದ ಕ್ರಮವನ್ನು ಮೀರಿ ಆ ಆಯ್ಕೆಯನ್ನು ಸಿಂಧುಗೊಳಿಸಲು ವಿಧಾನಮಂಡಲದಲ್ಲಿ ಮಸೂದೆ ಮಂಡಿಸಿತು. 2022ರಲ್ಲಿ ಅದು ಕಾಯ್ದೆಯಾಯಿತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹುಟ್ಟದ ಹಕ್ಕು ಆ 362 ಮಂದಿಗೆ, ಅಧಿಸೂಚನೆ ಹೊರಟ ಹನ್ನೊಂದನೆಯ ವರ್ಷದಲ್ಲಿ, ಅವರ ಪಟ್ಟಿಗೆಂದೇ ಮಾಡಿದ ಒಂದು ಕಾನೂನಿನ ಮೂಲಕ ಬಂತು.